ಕಾಗೆ ಮುಟ್ಟದ ಎಡೆ

ಒಂದಾನೊಂದು ಕಾಲದಲ್ಲಿ, ಮಗ, ಹುಣಸೇಕಟ್ಟೆ ಅಂತ ಒಂದೂರಿತ್ತಂತೆ. ನೀನು ಹೂಂ ಅಂತಿರು, ನಾನು ಹೇಳ್ತಾ ಇರ್ತೀನಿ. ಆ ಊರಲ್ಲಿ ಚನ್ನಿಗಪ್ಪ ಅಂತ ಒಬ್ಬ ಯಜಮಾನ, ಅವನಿಗೆ ಮೂರು ಜನ ಗಂಡುಮಕ್ಕಳು, ಮೂವರಿಗೂ ಮದುವೆಯಾಗಿ ಮೂವರು ಸೊಸೆಯರು. ಹಿರೇ ಸೊಸೆ ದ್ಯಾವಮ್ಮ, ನಡುವಿನವಳು ಓಬಮ್ಮ, ಕಿರಿಯವಳು ಹೊನ್ನಿ. ಹೊನ್ನಿ ಆ ಮನೆಗೆ ಬಂದದ್ದು ಬೇಸಿಗೆಯಲ್ಲಿ, ಅವಳ ಅತ್ತೆ ಬೈರಮ್ಮ ತೀರಿಕೊಂಡದ್ದು ಮುಂಗಾರಿನಲ್ಲಿ. ಇಬ್ಬರೂ ಒಟ್ಟಿಗೆ ಕೂತು ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚಿದ್ದು ಬಿಟ್ಟರೆ ಹೊನ್ನಿಗೆ ಅತ್ತೆಯ ನೆನಪು ಅಂತ ಬೇರೆ ಏನೂ ಇರಲಿಲ್ಲವಂತೆ.

ಆಮೇಲೆ ಮಳೆ ಕಡಿಮೆಯಾಗಿ ಹಿರೇರ ಹಬ್ಬ ಬಂತಂತೆ. ಹಿರೇರ ಹಬ್ಬ ಅಂದರೆ, ತೀರಿಹೋದವರಿಗೆ ಇಷ್ಟವಾದದ್ದನ್ನು ಮಡಿಯಲ್ಲಿ ಅಡುಗೆ ಮಾಡಿ, ಬಾಳೆಲೆಯ ಮೇಲೆ ಎಡೆ ಹಾಕಿ, ಮಾಳಿಗೆ ಮೇಲಿಟ್ಟು ಕಾಗೆ ಕರೆಯೋದು. ಕಾಗೆ ಬಂದು ಮುಟ್ಟಿದರೆ ಹಿರಿಯರು ಉಂಡರು ಅಂತ ಅರ್ಥ. ಮುಟ್ಟದಿದ್ದರೆ ಅವರ ಮನಸ್ಸಿನಲ್ಲಿ ಏನೋ ಉಳಿದಿದೆ ಅಂತ. ಆ ಊರಿನ ಕಟ್ಟಳೆ ಏನಪ್ಪಾ ಅಂದರೆ, ಅಮಾವಾಸ್ಯೆಗೆ ಮುಂಚೆ ಎರಡು ದಿನ, ಅಮಾವಾಸ್ಯೆ ದಿನ ಒಂದು, ಹೀಗೆ ಮೂರು ಸಲ ಎಡೆ ಇಡಬಹುದು. ಅಷ್ಟರಲ್ಲೂ ಮುಟ್ಟದಿದ್ದರೆ ಬರೋ ವರ್ಷದವರೆಗೆ ಆ ಜೀವ ಹಸಿದುಕೊಂಡೇ ಇರಬೇಕು.

ಮೊದಲನೇ ದಿನ ಹಿರೀಮಗ ಹೇಳಿದನಂತೆ, ನಮ್ಮವ್ವನಿಗೆ ಹೋಳಿಗೆ ಅಂದರೆ ಪಂಚಪ್ರಾಣ, ಅದನ್ನೇ ಮಾಡಿ ಅಂತ. ದ್ಯಾವಮ್ಮ ಸ್ನಾನ ಮಾಡಿ, ಒಲೆಗೆ ಕುಂಕುಮ ಇಟ್ಟು, ಬೇಳೆ ಬೇಯಿಸಿ, ಹೂರಣ ಅರೆದು, ರೇಷ್ಮೆ ಥರ ಹೋಳಿಗೆ ತಟ್ಟಿದಳಂತೆ. ಎಡೆ ಇಟ್ಟು ಎಲ್ಲರೂ ಕಾ ಕಾ ಅಂತ ಕರೆದರು. ಕಾಗೆಯೇನೋ ಬಂತು, ಮಾಳಿಗೆಯ ಅಂಚಿನಲ್ಲಿ ಕೂತಿತು, ಕತ್ತು ಓರೆ ಮಾಡಿ ನೋಡಿತು, ಕೊಕ್ಕು ಒರೆಸಿಕೊಂಡು ಹಾರಿಹೋಯಿತು. ಆಗ ಓಬಮ್ಮ ಸೆರಗು ಬಾಯಿಗಿಟ್ಟುಕೊಂಡು, ಭಾವ, ಅತ್ತೆ ಹೋಳಿಗೆ ತಿಂದದ್ದನ್ನ ನೀವು ಕಣ್ಣಾರೆ ನೋಡಿದ್ದೀರಾ ಅಂತ ಕೇಳಿದಳಂತೆ. ಅವನು, ನೋಡೋದೇನು, ಬೆಂದ ಮೊದಲನೇದನ್ನ ನನಗೇ ಕೊಡೋಳು, ಎರಡನೇದೂ ನನಗೇ ಕೊಡೋಳು ಅಂದನಂತೆ. ಅಂದಮೇಲೆ ಹೋಳಿಗೆ ಯಾರಿಗೆ ಪಂಚಪ್ರಾಣ ಅಂತ ನೀನೇ ಹೇಳು.

ಆಮೇಲೆ ಎರಡನೇ ದಿನ ಓಬಮ್ಮನ ಸರದಿ. ಅವಳು ಜಾಣೆ. ನಿಮಗ್ಯಾರಿಗೂ ಗೊತ್ತಿಲ್ಲ, ಅತ್ತೆ ದಿನಾ ಎಲ್ಲರದ್ದೂ ಆದಮೇಲೆ ಒಲೆ ಮುಂದೆ ಕೂತು ತಂಗಳು ಮುದ್ದೆ, ಮಜ್ಜಿಗೆ, ಒಂದು ಹಸಿಮೆಣಸಿನಕಾಯಿ, ಇಷ್ಟೇ ಉಣ್ಣೋರು, ನಾನು ಕಂಡಿದ್ದೀನಿ ಅಂದಳಂತೆ. ಹಾಗೇ ತಂಗಳು ಮುದ್ದೆ ಕಿವುಚಿ, ಮಜ್ಜಿಗೆ ಬಿಟ್ಟು, ಎಡೆ ಇಟ್ಟಳು. ಅವತ್ತು ಕಾಗೆ ಅಂಚಿಗೂ ಬರಲಿಲ್ಲ. ಹುಣಸೇಮರದಲ್ಲೇ ಬೆನ್ನು ತಿರುಗಿಸಿ ಕೂತಿತಂತೆ. ಚನ್ನಿಗಪ್ಪ ಅದನ್ನು ನೋಡಿ, ಉಳಿದದ್ದನ್ನ ಉಣ್ಣುತ್ತಿದ್ದಳು, ಅದು ಇಷ್ಟ ಅಂತ ಹೇಳೋಕಾಗುತ್ತೇನಮ್ಮಾ ಅಂತ ಮೆಲ್ಲಗೆ ಅಂದು ಒಳಗೆ ಹೋದನಂತೆ.

ಎರಡು ದಿನ ಕಾಗೆ ಮುಟ್ಟಲಿಲ್ಲ ಅಂದಮೇಲೆ ಊರು ಸುಮ್ಮನಿರುತ್ತಾ? ಮನೆ ಒಳಗೂ ಸುಮ್ಮನಿರಲಿಲ್ಲ. ದ್ಯಾವಮ್ಮ ಅಂದಳಂತೆ, ನಾನು ಬಂದು ಇಷ್ಟು ವರ್ಷವಾಯಿತು, ಈ ಮನೇಲಿ ಒಂದು ಅಪಶಕುನ ಆಗಿರಲಿಲ್ಲ, ಈ ಹುಡುಗಿ ಹೊಸಿಲು ತುಳಿದಳು, ಅತ್ತೆ ಹೋದರು, ಈಗ ಎಡೇನೂ ಮುಟ್ಟುತ್ತಿಲ್ಲ, ಇನ್ನೇನು ಹೇಳಬೇಕು ಅಂತ. ಹಬ್ಬಕ್ಕೆ ಬಂದ ನೆಂಟರೆಲ್ಲ ಅದಕ್ಕೇ ತಲೆಯಾಡಿಸಿದರು. ಚನ್ನಿಗಪ್ಪ, ನಾಳೆಯೂ ಕಾಗೆ ಮುಟ್ಟದಿದ್ದರೆ ಹೊನ್ನಿ ಬರೋ ವರ್ಷದ ಹಿರೇರ ಹಬ್ಬದವರೆಗೂ ತವರಲ್ಲಿರಲಿ ಅಂತ ತೀರ್ಮಾನ ಹೇಳಿಬಿಟ್ಟನಂತೆ. ಹಾಗೆ ಹೋದ ಹೆಣ್ಣನ್ನು ಮತ್ತೆ ಯಾರು ಕರೆದುಕೊಂಡು ಬರುತ್ತಾರೆ? ಅದು ಹೊನ್ನಿಗೂ ಗೊತ್ತು, ತಲೆ ಬಗ್ಗಿಸಿ ನಿಂತಿದ್ದ ಅವಳ ಗಂಡನಿಗೂ ಗೊತ್ತು.

ಹೊನ್ನಿ ಅಳಲಿಲ್ಲವಂತೆ. ದೇವರ ಗೂಡಿನ ಮುಂದೆ ಕೈಮುಗಿದು ಕೂತು ಯೋಚನೆ ಮಾಡಿದಳಂತೆ. ಇವರೆಲ್ಲ ಅತ್ತೆ ಏನು ಬಡಿಸುತ್ತಿದ್ದರು, ಏನು ಉಳಿಸಿಕೊಳ್ಳುತ್ತಿದ್ದರು ಅಂತ ನೋಡಿದ್ದಾರೆ. ಈ ಮನೇಲಿ ಅವರು ಬಾಯಿಬಿಟ್ಟು ಬೇಕು ಅಂತ ಕೇಳಿದ್ದನ್ನ ಯಾರೂ ಕೇಳಿಸಿಕೊಂಡಿಲ್ಲ. ಯಾವ ಮನೇಲಿ ಕೇಳಿರಬಹುದು? ಹುಟ್ಟಿದ ಮನೇಲಿ ತಾನೇ, ಅಂತ. ಬೆಳಗಾಗುತ್ತಲೇ ಗಂಡನನ್ನು ಎಬ್ಬಿಸಿ, ಏಳ್ರೀ, ನಿಮ್ಮ ಸೋದರಮಾವನ ಊರಿಗೆ ಹೋಗಿ ಬರೋಣ ಅಂದಳಂತೆ. ಅವನು, ಈ ದಿನವಾ ಅಂದ. ಈ ದಿನ ಬಿಟ್ಟರೆ ನನಗೆ ಇನ್ಯಾವ ದಿನ ಇದೆ ಅಂದಳು. ಅವನು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊರಟನಂತೆ.

ಅತ್ತೆಯ ತಮ್ಮ ಸಣ್ಣೀರಪ್ಪ ಹಿತ್ತಲಿನ ಬೇಲಿಗೆ ಸೌತೆಬಳ್ಳಿ ಹಬ್ಬಿಸುತ್ತಿದ್ದನಂತೆ. ಹೊನ್ನಿ ಕಾಲಿಗೆ ಬಿದ್ದು, ಮಾವ, ನಮ್ಮತ್ತೆಗೆ ಏನು ಇಷ್ಟ ಇತ್ತು ಅಂತ ಕೇಳಿದಳು. ಅವನು ಗಟ್ಟಿಯಾಗಿ ನಕ್ಕನಂತೆ. ನಮ್ಮ ಬೈರಕ್ಕನಿಗಾ? ಸೌತೆಕಾಯಿ ರೊಟ್ಟಿ! ಎಲೇಲಿ ಸುತ್ತಿ ಕೆಂಡದಲ್ಲಿ ಸುಟ್ಟದ್ದು. ಈ ಕಾಲಕ್ಕೆ ತವರಿಗೆ ಬಂದರೆ ಬಳೆ ಬೇಡ, ಸೀರೆ ಬೇಡ, ಒಂದು ಬಲಿತ ಸೌತೆಕಾಯಿ ಕೊಡೋ ತಮ್ಮಯ್ಯ ಅನ್ನೋಳು. ಆ ಬೇಲಿ ಪಕ್ಕ ಕೂತು, ಬಾಯಿ ಸುಡುತ್ತಿದ್ದರೂ ಊದಿಕೊಂಡು ಊದಿಕೊಂಡು ಒಬ್ಬಳೇ ತಿನ್ನೋಳು. ನನಗೆ ಒಂದು ಚೂರು ಕೊಡಬೇಕಾದರೂ ಮುಖ ನೋಡೋಳು ಅಂದನಂತೆ. ಹೊನ್ನಿ, ಹಾಗಾದರೆ ನಮ್ಮ ಮನೇಲಿ ಯಾಕೆ ಮಾಡಲಿಲ್ಲ ಅಂತ ಕೇಳಿದಳು. ಅವನ ನಗು ನಿಂತಿತು. ನಿಮ್ಮ ಮನೇಲಿ ಕೆಂಡದಲ್ಲಿ ಸುಟ್ಟದ್ದು ಹೊಸಿಲು ದಾಟಬಾರದಲ್ಲವೇನಮ್ಮಾ, ಸುಟ್ಟದ್ದು ಸ್ಮಶಾನದ್ದು ಅಂತ ನಿಮ್ಮ ಹಿರೀಕರು ಮಾಡಿದ ಕಟ್ಟಳೆ ಅಂದ. ನಿಜ ಮಗ, ಆ ಮನೇಲಿ ಒಂದು ಬದನೆಕಾಯಿ ಕೂಡ ಸುಡುತ್ತಿರಲಿಲ್ಲವಂತೆ.

ಆಮೇಲೆ ಅವನು ಹಳದಿಗೆ ತಿರುಗಿದ ಮೂರು ಸೌತೆಕಾಯಿ ಕಿತ್ತುಕೊಟ್ಟು, ಮಾಡುವ ಬಗೆಯನ್ನೂ ಹೇಳಿ ಕಳಿಸಿದನಂತೆ. ದಾರಿಯಲ್ಲಿ ಮುತ್ತುಗದ ಎಲೆ ಕೊಯ್ದುಕೊಂಡು ಇಬ್ಬರೂ ಮನೆಗೆ ಬರುವಾಗ ಹೊತ್ತು ನೆತ್ತಿಗೆ ಬಂದಿತ್ತು. ಹೊನ್ನಿ ಅಡುಗೆಮನೆಗೆ ಹೋಗಲಿಲ್ಲ. ತಲೆಗೆ ನೀರು ಹಾಕಿಕೊಂಡು, ಹಿತ್ತಲಲ್ಲಿ ಸಾರಿಸಿ, ಬೆರಣಿ ಹಚ್ಚಿ ಕೆಂಡ ಮಾಡಿದಳು. ಸೌತೆಕಾಯಿ ತುರಿದಳು, ಅಕ್ಕಿತರಿ ಹಾಕಿದಳು, ಬೆಲ್ಲ, ಕಾಯಿತುರಿ, ಚಿಟಿಕೆ ಉಪ್ಪು. ನೀರು ಒಂದು ತೊಟ್ಟೂ ಬಿಡಲಿಲ್ಲ, ಸೌತೆಕಾಯಿಯ ನೀರೇ ಸಾಕು. ಎಲೆ ಮೇಲೆ ತಟ್ಟಿ, ಇನ್ನೊಂದು ಎಲೆ ಮುಚ್ಚಿ, ಕೆಂಡದ ಬೂದಿಯಲ್ಲಿ ಹುದುಗಿಸಿ ಕೂತಳಂತೆ.

ವಾಸನೆ ಬಂದದ್ದೇ ದ್ಯಾವಮ್ಮ ಓಡಿಬಂದಳು. ಏನೇ ಇದು, ಅಮಾವಾಸ್ಯೆ ದಿನ, ಹಿರೇರ ಎಡೆಗೆ ಸುಟ್ಟದ್ದಾ, ತವರಿಗೆ ಹೋಗೋಳು ಮನೆಗೂ ಕೊಳ್ಳಿ ಇಟ್ಟು ಹೋಗಬೇಕು ಅಂತಲೇನೇ ಅಂತ ಕೂಗಿದಳಂತೆ. ಹೊನ್ನಿ, ಅಕ್ಕ, ಕೆಂಡ ಹಿತ್ತಲಲ್ಲೇ ಇದೆ, ಎಡೇನ ಏಣಿ ಮೇಲಿಂದ ಮಾಳಿಗೆಗೆ ಹತ್ತಿಸ್ತೀನಿ, ಹೊಸಿಲು ದಾಟಿಸೋದಿಲ್ಲ ಅಂದಳು. ಅಷ್ಟರಲ್ಲಿ ಚನ್ನಿಗಪ್ಪ ಹೊರಗೆ ಬಂದನಂತೆ. ಬಂದವನು ಹಾಗೇ ನಿಂತ. ಪ್ರತಿ ವರ್ಷ ಈ ಕಾಲಕ್ಕೆ ಹೆಂಡತಿ ತವರಿಂದ ಬಂದಾಗ ಅವಳ ಸೆರಗಿನಲ್ಲಿ ಇದೇ ವಾಸನೆ ಇರುತ್ತಿತ್ತಂತೆ. ಏನದು ಅಂತ ಅವನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

ಎಡೆ ಯಾರದಮ್ಮಾ ಅಂದನಂತೆ.

ಅತ್ತೇದು ಮಾವ.

ಹಾಗಾದರೆ ಅವಳಿಗೆ ಬೇಕಾದ್ದು ಇಡು, ಕಟ್ಟಳೆ ಮಾಡಿದ ಹಿರೀಕರಿಗೆ ನಾನು ಬೇರೆ ಎಡೆ ಇಟ್ಟು ಸಮಾಧಾನ ಹೇಳ್ತೀನಿ ಅಂದನಂತೆ.

ಹೊನ್ನಿ ಏಣಿ ಹತ್ತಿ ಬಿಸಿಬಿಸಿ ರೊಟ್ಟಿಯನ್ನು ಕಪ್ಪಾದ ಎಲೆಯ ಸಮೇತ ಇಟ್ಟು, ಕೈಮುಗಿದು ಇಳಿದಳು. ಯಾರೂ ಇನ್ನೂ ಕಾ ಕಾ ಅಂತ ಕರೆದಿರಲಿಲ್ಲ. ಹುಣಸೇಮರದಿಂದ ಕಾಗೆ ಇಳಿಯಿತು. ಹೋಗಿ ಎಡೆಯ ಪಕ್ಕ ಕೂತಿತು. ಒಂದು ಹೆಜ್ಜೆ ಹಿಂದೆ ಹಾರಿತು, ಬಿಸಿ ತಾಗಿತೋ ಏನೋ. ಆಮೇಲೆ ಮತ್ತೆ ಬಂದು ಸೀದ ಎಲೆಯನ್ನು ಕೊಕ್ಕಿನಿಂದ ಎಳೆದು ಅತ್ತ ಹಾಕಿ, ಒಂದು ಚೂರು ಮುರಿದು ನುಂಗಿತು. ಇನ್ನೊಂದು ಚೂರು. ಬೇರೆ ಕಾಗೆ ಹತ್ತಿರ ಬಂದರೆ ಓಡಿಸಿಕೊಂಡು ಹೋಗಿ, ವಾಪಸ್ಸು ಬಂದು, ತಾನೊಂದೇ ಕೂತು ಪೂರ್ತಿ ತಿಂದಿತಂತೆ. ಕೆಳಗೆ ನಿಂತಿದ್ದ ಹಿರೀಮಗ ಮೂಗು ಸುರಿಸಿಕೊಂಡು, ನಮ್ಮವ್ವ ಕಣ್ರೋ ಅಂದನಂತೆ.

ಹೊನ್ನಿಯ ಗಂಟುಮೂಟೆ ಕಟ್ಟುವ ಮಾತು ಅಲ್ಲಿಗೆ ನಿಂತಿತು. ಅವಳನ್ನು ಆಡಿಕೊಂಡ ನೆಂಟರು ಹಿತ್ತಲಲ್ಲೇ ಸಾಲಾಗಿ ಕೂತು ರೊಟ್ಟಿ ತಿಂದು, ಇನ್ನೊಂದಿದೆಯೇನಮ್ಮಾ ಅಂತ ಕೇಳಿದರಂತೆ. ಆಗ ಚನ್ನಿಗಪ್ಪ ಬಡಿಸುತ್ತಿದ್ದ ಹಿರೇ ಸೊಸೆಯನ್ನು ಕರೆದು, ದ್ಯಾವಮ್ಮ, ನಿನಗೇನಮ್ಮಾ ಇಷ್ಟ ಅಂದನಂತೆ.

ದ್ಯಾವಮ್ಮ ತುಪ್ಪದ ಸೌಟು ಹಿಡಿದುಕೊಂಡು ನಿಂತುಬಿಟ್ಟಳು. ನನಗಾ ಮಾವ ಅಂದಳು. ಕೊನೆಗೆ, ಹೊಳೀತಿಲ್ಲ ಮಾವ, ಅವರೆಕಾಯಿ ಬರಲಿ, ಹೇಳ್ತೀನಿ ಅಂದಳಂತೆ.

ಆಮೇಲೆ ಚಳಿ ಬಂತು, ಇಬ್ಬನಿ ಬಂತು, ಸೊಗಡಿನ ಅವರೆಕಾಯಿ ಬಂತು. ಓಬಮ್ಮನೂ ಹೊನ್ನಿಯೂ ಕಾಳು ನೆನೆಹಾಕಿ, ಬೆರಳು ಬೆಳ್ಳಗಾಗುವಷ್ಟು ಹಿಸುಕಿ, ಹಿದಕಿದ ಬೇಳೆ ಸಾರು ಮಾಡಿದರಂತೆ. ಅವತ್ತು ಗಂಡಸರಿಗಿಂತ ಮೊದಲು ದ್ಯಾವಮ್ಮನಿಗೆ ಮಣೆ ಹಾಕಿದರಂತೆ. ಅವಳು ನಾಚಿಕೊಂಡು ಕೂತು, ತುಪ್ಪ ಹಾಕಿಸಿಕೊಂಡು, ಎರಡು ಮುದ್ದೆ ಉಂಡು, ಇನ್ನೂ ಸ್ವಲ್ಪ ಸಾರು ಬಿಡೇ ಹೊನ್ನಿ ಅಂದಳಂತೆ.

ಹೂಂ ಅನ್ನೋದು ನಿಂತುಹೋಯಿತಲ್ಲ ಮಗ. ಅವರ ಮನೆಯವರೆಲ್ಲ ಉಂಡು ಎದ್ದರು, ನಮ್ಮನೆ ಕೂಸು ಮಲಗಿತು, ಕತೆ ಮುಗೀತು.