ಪತ್ರ ಅರ್ಧಕ್ಕೆ ನಿಂತಿತು

ಪಂಪಯ್ಯನವರಿಗೆ ಕಣ್ಣು ಕಾಣುತ್ತಿರಲಿಲ್ಲ. ಹೊಳೆದಂಡೆಯ ಅವರ ಆಶ್ರಮಕ್ಕೆ ದಿನವೂ ಪತ್ರಗಳು ಕಂಪ್ಯೂಟರಿಗೇ ಬರುತ್ತಿದ್ದವು. ಅದು ಗಟ್ಟಿಯಾಗಿ ಓದುತ್ತಿತ್ತು, ಅವರು ಇಯರ್‌ಫೋನ್ ಇಟ್ಟುಕೊಂಡು ಕೇಳುತ್ತಿದ್ದರು.

ಒಂದು ಬೆಳಿಗ್ಗೆ ಕಂಪ್ಯೂಟರ್ ಮೂಕವಾಯಿತು.

ಶಿಷ್ಯೆ ಶಾಂಭವಿ ವೈರು ಬದಲಿಸಿದಳು. ಓದುವ ತಂತ್ರಾಂಶವನ್ನು ತೆಗೆದು ಮತ್ತೆ ಹಾಕಿದಳು. ಎರಡು ದಿನ ಹೆಣಗಿದರೂ ಅದು ಬಾಯಿ ಬಿಡಲಿಲ್ಲ.

"ಗಂಡನನ್ನು ಕಳಕೊಂಡ ಹೆಣ್ಣುಮಗಳೊಬ್ಬಳು ಬರೆದಿದ್ದಾಳೆ," ಎಂದರು ಪಂಪಯ್ಯ. "ಇದು ಮೂಕವಾಗುವ ಹಿಂದಿನ ಸಂಜೆ ಅರ್ಧ ಕೇಳಿದ್ದೆ, ಉಳಿದದ್ದು ಬೆಳಿಗ್ಗೆ ಅಂತ ಎದ್ದುಬಿಟ್ಟೆ. ಉತ್ತರಕ್ಕೆ ಕಾಯುತ್ತಿರುತ್ತಾಳೆ."

"ನಾನು ಓದಿ ಹೇಳಲೇ?"

"ಅವಳು ಬರೆದಿದ್ದು ನನಗೊಬ್ಬನಿಗೇ."

ಶಾಂಭವಿ ತಲೆ ತಗ್ಗಿಸಿದಳು. "ಮಿಷನ್ನು ಹಳೆಯದಾಯಿತು ಅನಿಸುತ್ತೆ."

"ಇದು ಮೂಕವಾದ ಹಿಂದಿನ ದಿನ ಏನೇನಾಯಿತು?"



"ಮಿಷನ್ನು ನಿಧಾನ ಅಂದಿರಲ್ಲ, ಹಾಗಾಗಿ ಅವತ್ತು ನೀವು ಎದ್ದ ಮೇಲೆ, ಹಿನ್ನೆಲೆಯಲ್ಲಿ ಓಡುವ ಸಣ್ಣ ಪ್ರೋಗ್ರಾಂಗಳ, ಅಂದರೆ ಸರ್ವಿಸ್‌ಗಳ, ಪಟ್ಟಿ ತೆಗೆದೆ. ಕೆಲಸವಿಲ್ಲ ಅನಿಸಿದ ಹದಿನೇಳನ್ನು ನಿಲ್ಲಿಸಿದೆ. ತಾವಾಗಿ ಮತ್ತೆ ಏಳದ ಹಾಗೂ ಮಾಡಿದೆ."

"ಮೊದಲೇ ಯಾಕೆ ಹೇಳಲಿಲ್ಲ?"

"ಹೆದರಿಕೆಯಾಯಿತು."

ಪಂಪಯ್ಯ ಮೇಜು ತಡವಿಕೊಂಡು ಎದ್ದು, ತಮ್ಮ ಕುರ್ಚಿಯನ್ನು ಅವಳತ್ತ ಸರಿಸಿದರು.

"ನಿಧಾನ ಅಂತ ಗೊಣಗಿದವನು ನಾನು. ಕೂತುಕೋ. ನಿಲ್ಲಿಸಿದವನ್ನು ಒಂದೊಂದಾಗಿ ಓದು. ಹೆಸರಷ್ಟೇ ಅಲ್ಲ, ಅದರ ಮುಂದೆ ಬರೆದದ್ದನ್ನೂ ಓದು."

ಅವಳು ಓದುತ್ತಾ ಹೋದಳು, ಅವರು ಪಕ್ಕದಲ್ಲಿ ನಿಂತು ಕೇಳಿದರು. ಐದನೆಯದರ ಹೆಸರು ವಿಂಡೋಸ್ ಆಡಿಯೊ. ಅವಳು ಗಕ್ಕನೆ ನಿಂತಳು.

"ದನಿ ಹೊರಡಿಸುವುದೇ ಇದು. ನೋಡದೆ ಒತ್ತಿಬಿಟ್ಟಿದ್ದೆ."

ಅದನ್ನು ಎಬ್ಬಿಸಲು ಹೋದರೆ ಏಳಲಿಲ್ಲ. ಅದು ನೆಚ್ಚಿಕೊಂಡಿರುವ ಇನ್ನೊಂದು ಸರ್ವಿಸ್ ನಿಂತಿದೆ ಎಂದು ಪರದೆ ಹೇಳಿತು. ಹುಡುಕಿದಳು. ಅದೂ ಅವಳೇ ನಿಲ್ಲಿಸಿದ್ದು.

"ಮೊದಲು ಅದನ್ನು ಎಬ್ಬಿಸು," ಎಂದರು ಪಂಪಯ್ಯ.

ಎಬ್ಬಿಸಿದಳು. ಆಮೇಲೆ ಆಡಿಯೊ ತಕರಾರಿಲ್ಲದೆ ಎದ್ದಿತು. ಅವಳು ಇಯರ್‌ಫೋನ್ ಅವರ ಕೈಗಿತ್ತಳು. ಅದನ್ನು ಕಿವಿಗಿಟ್ಟ ಪಂಪಯ್ಯ ಕೀಲಿಯೊಂದನ್ನು ಒತ್ತಿದರು. ದನಿ ಕೇಳಿ ಅವರ ಮುಖ ಅರಳಿದ್ದನ್ನು ನೋಡಿ ಶಾಂಭವಿಯ ಕಣ್ಣು ತುಂಬಿತು.

ಪತ್ರ ಮುಗಿಯುವವರೆಗೆ ಅವಳು ಹೊರಗೆ ಜಗಲಿಯಲ್ಲಿ ಕೂತಿದ್ದಳು. ಉತ್ತರ ಬರೆದಾದ ಮೇಲೆ ಅವರೇ ಕರೆದರು.

"ಉಳಿದ ಹದಿನೈದು ಹಾಗೇ ನಿಂತಿವೆ," ಎಂದಳು. "ಓದಿ ನೋಡಿದರೂ ಏನು ಕೆಲಸ ಮಾಡುತ್ತವೋ ಗೊತ್ತಾಗಲಿಲ್ಲ. ನಿಂತೇ ಇರಲಿ ಅಂತ ಬಿಡಲೇ?"

"ಗೊತ್ತಾಗದೆ ಇದ್ದದ್ದು ನಿನಗೆ, ತಾಯಿ," ಎಂದರು ಪಂಪಯ್ಯ. "ಅವಕ್ಕಲ್ಲ. ಎಲ್ಲವನ್ನೂ ಎಬ್ಬಿಸು."