ಅರವತ್ತು ರಾತ್ರಿಯ ಕಾರ್ಡು

ಹಾಲಪ್ಪನಿಗೆ ಹೊಟ್ಟೆಕಿಚ್ಚು ಹತ್ತಿದ್ದು ಬೆಂಗಳೂರಿನ ಒಂದು ದೊಡ್ಡ ಹೋಟೆಲಿನಲ್ಲಿ.

ಅವನೂ ಕೊಟ್ರಯ್ಯನೂ ಒಬ್ಬರೇ ಗುರುವಿನ ಶಿಷ್ಯರು. ತುಂಗಭದ್ರೆಯ ದಂಡೆಯಲ್ಲಿ ಸಣ್ಣದೊಂದು ಆಶ್ರಮ. ಗುರುವನ್ನು ಎಲ್ಲರೂ ಅಜ್ಜಯ್ಯ ಎನ್ನುತ್ತಿದ್ದರು. ಊರೂರಿನಿಂದ ಪ್ರವಚನಕ್ಕೆ ಕರೆ ಬಂದರೆ ಅಜ್ಜಯ್ಯ ಇವರನ್ನು ಕಳಿಸುತ್ತಿದ್ದರು. ಕರೆಸಿದವರು ಹೋಟೆಲಿನಲ್ಲಿ ಇಳಿಸುತ್ತಿದ್ದರು.

ಆ ದಿನ ಇಬ್ಬರೂ ಕೂಡಿ ಹೋಗಿದ್ದರು. ಬಾಗಿಲ ಬಳಿಯ ಮೇಜಿನ ಹುಡುಗಿ ಕೊಟ್ರಯ್ಯನ ಹೆಸರು ನೋಡಿದಳು. ಎದ್ದು ನಿಂತಳು.

“ಮತ್ತೆ ಬಂದಿರಲ್ಲ ಸಾರ್, ತುಂಬಾ ಸಂತೋಷ. ನಿಮಗೆ ಮೇಲಿನ ಮಹಡಿಯ ದೊಡ್ಡ ಕೋಣೆ ಕೊಟ್ಟಿದ್ದೇವೆ.”

ಆಮೇಲೆ ಹಾಲಪ್ಪನ ಕಡೆ ತಿರುಗಿದಳು. ಕೂತುಕೊಂಡೇ ಕೇಳಿದಳು.

“ನೀವು ಇವರ ಜೊತೆಗೆ ಬಂದವರಾ?”

ಕೊಟ್ರಯ್ಯನ ಕೈಯಲ್ಲಿ ಕಪ್ಪು ಬಣ್ಣದ ಕಾರ್ಡಿತ್ತು.

“ಏನಲೇ ಅದು?”

“ಈ ಹೋಟೆಲಿನವರದು. ಎಲ್ಲಾ ಊರಾಗೂ ಇವರ ಹೋಟೆಲ್ ಅದಾವು. ವರ್ಷಕ್ಕೆ ಅರವತ್ತು ರಾತ್ರಿ ಮಲಗಿದರೆ ಕೊಡ್ತಾರ. ನಾನೇನು ಕೇಳಿರಲಿಲ್ಲ. ಅಜ್ಜಯ್ಯ ಕಳಿಸಿದ ಕಡೆ ಹೋಗಿ ಮಲಗಿದೆ, ಬಂತು.”

“ಅದರಿಂದ ಏನು ಸಿಗ್ತೈತಿ?”

“ದೊಡ್ಡ ಕೋಣೆ. ಸಂಜೆ ನಾಲ್ಕರ ತನಕ ಖಾಲಿ ಮಾಡು ಅನ್ನೋರಿಲ್ಲ. ಮ್ಯಾಲೆ ಕೂಡಾಕ ಒಂದು ಜಾಗ, ಚಹಾ, ಹುರಿದ ಗೋಡಂಬಿ. ನಿನ್ನ ಹತ್ರ ಯಾವ ಕಾರ್ಡೈತಿ?”

“ಬೆಳ್ಳಿ.”

“ಬೆಳ್ಳಿಗೆ ಏನು ಕೊಡ್ತಾರ?”

“ನೀರಿನ ಬಾಟ್ಲಿ.”

ಕೊಟ್ರಯ್ಯ ನಕ್ಕುಬಿಟ್ಟ. ಕೆಟ್ಟ ನಗೆಯಲ್ಲ. ಆದರೂ ಹಾಲಪ್ಪನಿಗೆ ಅದು ಎದೆಗೆ ನಾಟಿತು.

ಹಾಲಪ್ಪನ ಕೋಣೆಯ ಕಿಟಕಿಗೆ ಪಕ್ಕದ ಕಟ್ಟಡದ ನೀರಿನ ಟ್ಯಾಂಕು ಕಾಣುತ್ತಿತ್ತು. ಅದನ್ನು ನೋಡುತ್ತ ಕೂತ.

ಆಶ್ರಮಕ್ಕೆ ಮೊದಲು ಬಂದವನು ತಾನು. ಹನ್ನೊಂದು ವರ್ಷವಾಯಿತು. ಕೊಟ್ರಯ್ಯ ಬಂದು ಏಳೇ ವರ್ಷ. ಆದರೂ ದೂರದ ಊರು, ದೊಡ್ಡ ಸಭೆ ಅಂದರೆ ಅಜ್ಜಯ್ಯನ ಬಾಯಲ್ಲಿ ಮೊದಲು ಬರುವುದು ಕೊಟ್ರಯ್ಯನ ಹೆಸರು. ಇಷ್ಟು ದಿನ ಅದು ಬರೀ ಅನುಮಾನ. ಈಗ ಯಾರೋ ಅದನ್ನು ಕಾರ್ಡಿನ ಮೇಲೆ ಅಚ್ಚು ಹಾಕಿ ಕೊಟ್ಟ ಹಾಗಾಯಿತು.

ಫೋನು ತೆಗೆದು ನೋಡಿದ. ಈ ವರ್ಷ ತಾನು ಮಲಗಿದ್ದು ಐವತ್ತೊಂದು ರಾತ್ರಿ. ವರ್ಷ ಮುಗಿಯಲು ಇಪ್ಪತ್ತು ದಿನ ಬಾಕಿ.

ಒಂಬತ್ತು ರಾತ್ರಿ ಕಡಿಮೆ.

ಆಶ್ರಮಕ್ಕೆ ಮರಳಿದ ಬೆಳಿಗ್ಗೆ ಅಜ್ಜಯ್ಯ ಅವನನ್ನು ಕರೆದರು.

“ಲೇ ಹಾಲಪ್ಪ, ಸಂಕ್ರಾಂತಿ ದಿನ ಹೊಳೆದಂಡಿ ಮಾತು ಈ ಸಲ ನೀ ಆಡು. ನನ್ನ ದನಿ ಎರಡನೇ ಸಾಲಿಗೂ ಮುಟ್ಟೂದಿಲ್ಲ.”

ಸಂಕ್ರಾಂತಿಗೆ ದಂಡೆಯ ತುಂಬ ಜನ ಸೇರುತ್ತಿದ್ದರು. ಆ ಮಾತನ್ನು ಅಜ್ಜಯ್ಯ ಈವರೆಗೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಪಾಠ ಅಂದೇ ಶುರುವಾಯಿತು. ಅಲ್ಲಿಯ ಪಾಠ ಒಂದೇ ಬಗೆಯದು. ಶಿಷ್ಯ ಮಾತಾಡಬೇಕು. ಅಜ್ಜಯ್ಯ ಶೇಂಗಾ ಸುಲಿಯುತ್ತ ಕೇಳಬೇಕು.

“ನಿಲ್ಲು. ಇದು ನಿನಗೆ ಗೊತ್ತಿರೋ ಮಾತೋ, ಎಲ್ಲೋ ಕೇಳಿದ್ದೋ?”

“ಕೇಳಿದ್ದು, ಅಜ್ಜಯ್ಯ.”

“ತೆಗಿ. ಮುಂದ.”

“ಮನುಷ್ಯನ ಆಸೆ ಅನ್ನೋದು—”

“ನಿಲ್ಲು. ಯಾವ ಮನುಷ್ಯ? ಹೆಸರಿಲ್ಲೇನು ಅವಗ?”

ಬಿಸಿಲು ಏರುವ ತನಕ ನಾಲ್ಕು ಮಾತು ದಾಟಲಿಲ್ಲ. ಹಾಲಪ್ಪನ ತಲೆಯಲ್ಲಿ ಮಾತ್ರ ಒಂಬತ್ತು ಕೂತಿತ್ತು.

ನಾಲ್ಕನೇ ದಿನ ಅವನೆಂದ:

“ಅಜ್ಜಯ್ಯಾ, ಬೆಂಗಳೂರಿಂದ ಕರೆ ಬಂದೈತ್ರಿ. ಒಂಬತ್ತು ದಿನದ ಪ್ರವಚನ.”

ಕರೆ ಬಂದಿರಲಿಲ್ಲ. ಅಲ್ಲಿಯ ಭಕ್ತರೊಬ್ಬರಿಗೆ, ಸಂಕ್ರಾಂತಿಯ ಮಾತು ಕೂಡಿಸಲು ಏಕಾಂತ ಬೇಕು ಎಂದಿದ್ದ. ಅವರು ಅದೇ ಹೋಟೆಲಿನಲ್ಲಿ ಕೋಣೆ ಹಿಡಿದುಕೊಟ್ಟಿದ್ದರು.

“ಒಂಬತ್ತಾ?” ಎಂದರು ಅಜ್ಜಯ್ಯ.

“ಹೌದ್ರಿ.”

“ಹೋಗಿ ಬಾ.”

ಎಂಟು ದಿನ ಅವನು ನೀರಿನ ಟ್ಯಾಂಕು ನೋಡಿದ. ಒಂದು ಮಾತೂ ಕೂಡಿಬರಲಿಲ್ಲ. ಊಟ ಮಾಡಿದ, ಮಲಗಿದ, ಎದ್ದ.

ಒಂಬತ್ತನೇ ರಾತ್ರಿ ಕಳೆದ ಬೆಳಿಗ್ಗೆ ಮೇಜಿನ ಹುಡುಗಿ ಎದ್ದು ನಿಂತಳು.

ಮೇಲಿನ ಮಹಡಿಗೆ ಕರೆದುಕೊಂಡು ಹೋದರು. ಗಾಜಿನ ಗೋಡೆ, ಮೆತ್ತನೆಯ ಕುರ್ಚಿ. ಕೈಯಲ್ಲಿ ಬರೆದ ಚೀಟಿ, ಅದರ ಮೇಲೆ ಅವನ ಹೆಸರು. ಅಲ್ಲಿ ಇನ್ನೂ ನಾಲ್ವರು ಕಪ್ಪು ಕಾರ್ಡಿನವರಿದ್ದರು. ಯಾರೂ ತಲೆ ಎತ್ತಲಿಲ್ಲ.

ಹಾಲಪ್ಪ ಗೋಡಂಬಿ ಬಾಯಿಗೆ ಹಾಕಿಕೊಂಡ. ಕೊಟ್ರಯ್ಯ ಇಲ್ಲೇ ಎದುರಿಗೆ ಕೂತು ನೋಡಬೇಕಿತ್ತು ಅನ್ನಿಸಿತು. ಅವನಿಲ್ಲದೆ ಗೋಡಂಬಿಗೆ ರುಚಿಯಿರಲಿಲ್ಲ.

ಆಶ್ರಮದ ಅಂಗಳದಲ್ಲಿ ಕೊಟ್ರಯ್ಯ ಸೌದೆ ಒಡೆಯುತ್ತಿದ್ದ. ಹಾಲಪ್ಪ ಚೀಲ ಇಳಿಸುವ ಮೊದಲೇ ಕಾರ್ಡು ತೆಗೆದ.

“ಬಂತಾ?” ಎಂದ ಕೊಟ್ರಯ್ಯ. “ಚಲೋ ಆತು. ಪ್ರವಚನ ಎಲ್ಲಿತ್ತು?”

ಅಷ್ಟರಲ್ಲಿ ಅಜ್ಜಯ್ಯ ಬಂದರು. ಕಾರ್ಡು ಇಸಕೊಂಡು ಹಿಂದೆ ಮುಂದೆ ನೋಡಿದರು.

“ಏನಿದು?”

ಹಾಲಪ್ಪ ಎಲ್ಲ ವಿವರಿಸಿದ. ಕೋಣೆ, ಚಹಾ, ಎದ್ದು ನಿಲ್ಲುವುದು. ಹೇಳುತ್ತ ಹೇಳುತ್ತ ಅವನ ದನಿ ಏರಿತು.

“ಎಷ್ಟು ದಿನ ನಡೀತೈತಿ?”

“ಬರೋ ವರ್ಷ ಮುಗಿಯೋ ತನಕ.”

“ಆಮೇಲೆ?”

“ಮತ್ತ ಅರವತ್ತು ರಾತ್ರಿ ಮಲಗಬೇಕ್ರಿ.”

“ಇಲ್ಲಿ ಎಷ್ಟು ಮಲಗೀದಿ?”

“ಹನ್ನೊಂದು ವರ್ಷ.”

ಅಜ್ಜಯ್ಯ ಹುಬ್ಬೇರಿಸಿದರು. ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಮರಳಿ ಕೊಟ್ಟರು.

“ತಪ್ಪಾತು. ತಮಗ ನಾವು ಏನೂ ಕೊಡಲಿಲ್ಲ.”

ಅಡಿಗೆಮನೆಯ ಕಡೆ ತಿರುಗಿ ಕೂಗಿದರು:

“ಬಸಲಿಂಗಮ್ಮಾ, ಹೊಳೆ ಕಡೆ ಕೋಣೆ ತೆಗೀರಿ. ಸಾಹೇಬ್ರು ಬಂದಾರ.”

ಹೊಳೆ ಕಡೆಯ ಕೋಣೆ ದೊಡ್ಡ ಅತಿಥಿಗಳದು. ಮಂಚವಿತ್ತು, ಸೊಳ್ಳೆಪರದೆಯಿತ್ತು. ಹಾಲಪ್ಪ ಹನ್ನೊಂದು ವರ್ಷ ಅದರ ಕಸ ಹೊಡೆದಿದ್ದ. ಒಮ್ಮೆಯೂ ಮಲಗಿರಲಿಲ್ಲ.

ಮರುದಿನ ಕೊಟ್ರಯ್ಯ ಬಿಸಿನೀರು ಹೊತ್ತು ಬಾಗಿಲಿಗೆ ಬಂದ.

“ಸಾಹೇಬ್ರಿಗೆ ಇನ್ನೇನು ಬೇಕು?”

“ಇನ್ನೊಂದು ಕೊಡ.”

ಬೇಕಿರಲಿಲ್ಲ. ಕೊಟ್ರಯ್ಯ ಹೊತ್ತು ತರುವುದನ್ನು ನೋಡಬೇಕಿತ್ತು.

ಊಟಕ್ಕೆ ಅವನ ಎಲೆ ಮೊದಲು. ತುಪ್ಪ ಎರಡು ಚಮಚ. ಪೊರಕೆಗೆ ಕೈ ಹಾಕಿದರೆ ಬಸಲಿಂಗಮ್ಮ ಕಿತ್ತುಕೊಂಡಳು.

“ನೀವು ಕೂಡ್ರಿ ಅಪ್ಪಾರ. ಅಜ್ಜಯ್ಯನ ಅಪ್ಪಣೆ.”

ಪಾಠಕ್ಕೆ ಕೂತ. ಹೊಸ ಮಾತು ಇರಲಿಲ್ಲ. ಮೊದಲು ಹೇಳಿದ್ದನ್ನೇ ಹೇಳಿದ. ಅಜ್ಜಯ್ಯ ಶೇಂಗಾ ಮುಟ್ಟಲಿಲ್ಲ. ಕೈಕಟ್ಟಿ ಕೇಳಿದರು. ಒಮ್ಮೆಯೂ ನಿಲ್ಲಿಸಲಿಲ್ಲ.

“ಬಹಳ ಚಂದ ಆತು,” ಎಂದರು.

ಹಾಲಪ್ಪ ಹಿಗ್ಗಿದ. ಹನ್ನೊಂದು ವರ್ಷದಲ್ಲಿ ಆ ಮಾತು ಅವನು ಕೇಳಿರಲಿಲ್ಲ. ಕೊಟ್ರಯ್ಯನೂ ಕೇಳಿರಲಿಲ್ಲ. ಅದು ಇನ್ನೂ ಸಿಹಿ.

ಎರಡನೇ ದಿನ, ಹಿಂದೆ ಅಜ್ಜಯ್ಯ ತೆಗಿ ಎಂದಿದ್ದ ಮಾತು ಬಾಯಿಗೆ ಬಂತು. ತಡೆದ. ಅಜ್ಜಯ್ಯನ ಮುಖ ನೋಡಿದ. ಆ ಮುಖ ನಗುತ್ತಿತ್ತು, ಮೇಜಿನ ಹುಡುಗಿ ನಗುವ ಹಾಗೆ.

ಮೂರನೇ ದಿನ ಬೇಕೆಂತಲೇ ಅಂದ:

“ಈ ಹೊಳೆ ಸಮುದ್ರದಲ್ಲಿ ಹುಟ್ಟಿ, ಗುಡ್ಡ ಹತ್ತಿ, ಕಾಡಿಗೆ ಸೇರ್ತೈತಿ.”

“ಬಹಳ ಚಂದ ಆತು,” ಎಂದರು ಅಜ್ಜಯ್ಯ. “ತಮ್ಮ ಬಾಯಿಂದ ಕೇಳಿದ್ದು ನಮ್ಮ ಪುಣ್ಯ.”



ಅದೇ ಹೊತ್ತಿಗೆ ಕೊಟ್ರಯ್ಯ ಕೊಡ ತುಂಬಿಕೊಂಡು ಬಂದ. ಅಜ್ಜಯ್ಯ ಗದರಿದರು.

“ಲೇ ಕೊಟ್ರಾ, ನೀರು ತರ್ತೀಯೋ ದಾರಿಗೆ ಚೆಲ್ತೀಯೋ? ಇಳಿಸು, ಇಲ್ಲಿ ಬಾ. ನಿನ್ನೆ ಎಲ್ಲಿ ಬಿಟ್ಟಿದ್ದಿ? ಅಲ್ಲಿಂದ ಹೇಳು.”

ಹಾಲಪ್ಪನನ್ನು ಕೋಣೆಗೆ ಕಳಿಸಿದರು. ಸಾಹೇಬರಿಗೆ ವಿಶ್ರಾಂತಿ ಬೇಕಂತೆ.

ಅವನು ಮಂಚದ ಮೇಲೆ ಕೂತ. ಕಿಟಕಿಯಲ್ಲಿ ಹೊಳೆ ಚೆನ್ನಾಗಿ ಕಾಣುತ್ತಿತ್ತು. ನೋಡಲಿಲ್ಲ. ಕಿವಿ ಅಂಗಳದಲ್ಲಿತ್ತು.

“ನಿಲ್ಲು.”

ಕೊಟ್ರಯ್ಯನ ಮಾತು ನಿಲ್ಲಲಿಲ್ಲ.

“ನಿಲ್ಲು ಅಂದ್ನಲ್ಲೋ! ಎತ್ತಿಗೆ ಹೇಳಿದರೂ ತಿಳೀತೈತಿ. ಮತ್ತ ಹೇಳು.”

ಹೋಟೆಲಿನಲ್ಲಿ ಹತ್ತಿದ್ದು ಕಿಡಿ. ಇದು ಬೆಂಕಿ. ಹಾಲಪ್ಪ ಸೊಳ್ಳೆಪರದೆಯ ಅಂಚನ್ನು ಬಾಯಲ್ಲಿ ಕಚ್ಚಿ ಕೂತ.

ದಿನವೂ ಹೀಗೇ ನಡೆಯಿತು. ಸಂಕ್ರಾಂತಿಗೆ ಎರಡು ದಿನ ಉಳಿಯಿತು. ಮಧ್ಯಾಹ್ನ ಅಜ್ಜಯ್ಯ ಹೊಳೆಯ ಮೆಟ್ಟಿಲ ಮೇಲೆ ಕಾಲು ತೊಳೆಯುತ್ತಿದ್ದರು. ಹಾಲಪ್ಪ ಇಳಿದು ಹೋದ.

“ಅಜ್ಜಯ್ಯಾ, ನಾನು ಸುಳ್ಳು ಹೇಳಿದೆ.”

“ತಾವಾ?”

“ಬೆಂಗಳೂರಾಗ ಪ್ರವಚನ ಇರಲಿಲ್ಲ. ಒಂಬತ್ತು ರಾತ್ರಿ ಸುಮ್ಮನೆ ಮಲಗಿ ಬಂದೆ.”

“ನಿದ್ದಿ ಬಂತೇನು?”

“ನಿಮಗೆ ಗೊತ್ತಿತ್ತು. ಯಾಕ ಬೈಲಿಲ್ಲ?”

“ಹೋಟೆಲಿನವರು ಬೈದರೇನು?”

“ಇಲ್ಲ.”

“ಅವರಷ್ಟರ ಮರ್ಯಾದಿ ನಮಗೂ ತಿಳೀತೈತಿ.”

ಹಾಲಪ್ಪ ಜೇಬಿಗೆ ಕೈ ಹಾಕಿದ.

“ಈ ಕಾರ್ಡು ಹೊಳಿಗೆ ಒಗದು ಬಿಡ್ತೀನಿ.”

“ಹೊಳಿ ಏನು ತಪ್ಪು ಮಾಡೈತ್ರಿ? ಇಟ್ಕೊಳ್ರಿ. ಊರಿಗೆ ಹೋದಾಗ ಗೋಡಂಬಿ ಕೊಟ್ಟರ ತಿನ್ರಿ.”

ಹಾಲಪ್ಪ ಕೈ ಹೊರಗೆ ತೆಗೆದ. ಮೆಟ್ಟಿಲ ಮೇಲೆ ಕೂತುಬಿಟ್ಟ.

“ಸಂಕ್ರಾಂತಿ ಮಾತು ನನ್ನ ಕೈಲಾಗೂದಿಲ್ಲ. ಕೊಟ್ರಯ್ಯಗ ಕೊಡ್ರಿ.”

ಅಜ್ಜಯ್ಯ ಇನ್ನೊಂದು ಕಾಲನ್ನು ನೀರಿಗೆ ಇಳಿಸಿದರು.

“ಅವನ ಮ್ಯಾಲಿನ ಹೊಟ್ಟೆಕಿಚ್ಚು ಹೋತೇನು?”

ಹೋಯಿತು ಎನ್ನಬಹುದಿತ್ತು. ಅಂಥ ಮಾತಿಗೆ ಗುರುಗಳು ತಲೆದೂಗುತ್ತಾರೆ ಎಂದು ಅವನು ಎಷ್ಟೋ ಪ್ರವಚನದಲ್ಲಿ ಹೇಳಿದ್ದ.

“ಇಲ್ಲ. ಜಾಸ್ತಿ ಆಗೈತಿ.”

“ಕಾರ್ಡಿಂದಾ?”

“ಅಲ್ಲ. ನಿನ್ನೆ ಹೊತ್ತು ಏರೋ ತನಕ ಅವನ್ನ ನಿಲ್ಲಿಸಿದ್ರಿ. ಎತ್ತು ಅಂದ್ರಿ. ಕತ್ತೆ ಅಂದ್ರಿ. ನನಗೆ ಚಂದ ಆತು ಅಂತೀರಿ.” ಅವನು ಅಜ್ಜಯ್ಯನ ಕಡೆ ತಿರುಗಿದ. “ನನ್ನ ಹೊಟ್ಟಿ ಉರೀತೈತಿ, ಅಜ್ಜಯ್ಯ.”

ಅಜ್ಜಯ್ಯ ಕಾಲು ಒರೆಸಿಕೊಂಡರು. ಮೇಲೇಳಲು ಅವನ ಹೆಗಲು ಹಿಡಿದರು. ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದರು.

“ಆ ಉರಿ ಆರಿಸಬ್ಯಾಡಲೇ, ಹುಚ್ಚ. ನಾಳೆ ಪಾಠಕ್ಕ ಬರೋವಾಗ ಅದನ್ನೂ ತಗೊಂಡು ಬಾ.”