ಮರಕುಟಿಗರಾಯ ಅರಮನೆ ನೋಡಿದ್ದು

ಬೆಟ್ಟದ ತುದಿಯ ಆ ಪ್ರೇಮದ ಅರಮನೆಯನ್ನು ಕಟ್ಟಿಸಿದವನು ನಮ್ಮ ಮುತ್ತಜ್ಜ. ಸುಳ್ಳು ಬಿಡಿ, ಅವನು ಒಂದು ಕೋಳಿಗೂಡನ್ನೂ ಕಟ್ಟಿಸಿದವನಲ್ಲ; ಅದನ್ನು ಕಟ್ಟಿಸಿದ್ದು ಒಬ್ಬ ರಾಜ, ತನ್ನ ರಾಣಿಯ ಮೇಲಿನ ಪ್ರೀತಿಗೆ. ಆದರೆ ಮುಂದಿನದು ನಿಜ.

ಮರಕುಟಿಗರಾಯ ಒಂದು ಬೆಳಿಗ್ಗೆ ಹೆಂಡತಿಯೊಂದಿಗೆ ಆ ಅರಮನೆ ನೋಡಲು ಹೊರಟ. ರಾಣಿ ನಿಲ್ಲುತ್ತಿದ್ದ ಉಪ್ಪರಿಗೆಯಲ್ಲಿ ಗಂಡನ ಪಕ್ಕ ಕೂತು ಸೂರ್ಯ ಮುಳುಗುವುದನ್ನು ನೋಡಬೇಕೆಂಬುದು ಅವಳ ಬಹುದಿನದ ಆಸೆ. ಒಳಗೆ ಹೋದದ್ದೇ ತಡ, ರಾಯ ಗೋಡೆ ಕುಟ್ಟತೊಡಗಿದ.

“ಏನ್ರೀ ಅದು?”

“ನಮ್ಮಿಬ್ಬರ ಹೆಸರು, ನಡುವೆ ಒಂದು ಬಾಣ. ನಮ್ಮ ಪ್ರೀತಿ ಸಾವಿರ ವರ್ಷ ಉಳಿಯಬೇಡವೇ?”

ಮಧ್ಯಾಹ್ನ ಅವಳು “ಬನ್ನಿ” ಎಂದಳು. “ನಿನ್ನ ಹೆಸರನ್ನೇ ಕೊರೆಯುತ್ತಿದ್ದೇನೆ, ತಾಳು” ಎಂದ. ಸಂಜೆಯಾದಾಗ ಅವಳು ಒಬ್ಬಳೇ ಉಪ್ಪರಿಗೆಗೆ ಹಾರಿದಳು.

ಗೋಡೆಯ ಮೇಲಿದ್ದ ಮುದಿ ಹಲ್ಲಿ ಹೇಳಿತು: “ಸ್ವಾಮಿ, ಇಲ್ಲಿ ಹೆಸರು ಕೊರೆದವರನ್ನೆಲ್ಲ ನಾನು ಕಂಡಿದ್ದೇನೆ. ಕೊರೆಯುವಾಗ ಎಲ್ಲರ ಬೆನ್ನೂ ಹೆಂಡತಿಯ ಕಡೆಗೇ ಇತ್ತು.”

ರಾಯ ತಿರುಗಿ ನೋಡಿದ. ಬಾಣವನ್ನು ಅರ್ಧಕ್ಕೇ ಬಿಟ್ಟು ಹಾರಿದ. ಸೂರ್ಯ ಇನ್ನೂ ಒಂದು ಬೆರಳಿನಷ್ಟು ಉಳಿದಿದ್ದ. ಹೆಂಡತಿ ಸರಿದು ಜಾಗ ಕೊಟ್ಟಳು.

“ಕೊಕ್ಕಿಗೆ ಸುಣ್ಣ ಮೆತ್ತಿದೆ, ಒರೆಸಿಕೊಳ್ಳಿ” ಎಂದಳು.

ಇದನ್ನು ಆ ಹಲ್ಲಿಯೇ ನನಗೆ ಹೇಳಿದ್ದು. ನಾನಂತೂ ಈ ಚಹಾದಂಗಡಿಯ ಗೋಡೆಗೆ ಬೆನ್ನು ಹಾಕಿ, ನಿಮ್ಮ ಮುಖ ನೋಡಿಕೊಂಡೇ ಹೇಳಿದೆನಲ್ಲ! ಆ ಪ್ರೀತಿಗಾದರೂ ನನ್ನ ಚಹಾದ ದುಡ್ಡು ನೀವೇ ಕೊಟ್ಟುಬಿಡಿ.